ಮಣ್ಣಿನೊಳಗಿನ ಜೀವಾಣುಗಳು ಮತ್ತು ನಮ್ಮ ವಹಿವಾಟು

ಲೆಕ್ಕಪರಿಶೋಧಕನೊಬ್ಬ ಮಣ್ಣಿನ ವಿಷಯವಾಗಿ ಬರೆಯುತ್ತಿರುವುದನ್ನು ಕಂಡು ಸದಸ್ಯ ಬಾಂಧವರಿಗೆ ಅಚ್ಚರಿಯಾಗಬಹುದು. ಆದರೆ ಗಂಗಾವತಿಯ ಅಕ್ಕಿ ಗಿರಣಿ, ಕೊಪ್ಪಳದ ಗೊಬ್ಬರದ ಅಂಗಡಿ, ಕುಷ್ಟಗಿ ಹಾಗೂ ಯಲಬುರ್ಗಾದ ಕಾಳುಕಡಿಯ ದಲಾಲಿ ಮಳಿಗೆ, ಇವೆಲ್ಲವುಗಳ ವಹಿವಾಟಿಗೆ ಆಧಾರ ಹೊಲದ ಮೇಲ್ಪದರದ ಒಂದು ಗೇಣು ಮಣ್ಣು. ಆರೋಗ್ಯವಂತ ಮಣ್ಣಿನ ಒಂದು ಗ್ರಾಂನಲ್ಲಿಯೇ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿರುತ್ತವೆ.

ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವಿದ್ದರೂ ಪೈರು ಅದನ್ನು ನೇರವಾಗಿ ಬಳಸಲಾರದು. ತೊಗರಿ, ಶೇಂಗಾ, ಕಡಲೆಗಳ ಬೇರುಗಂಟಿನಲ್ಲಿ ನೆಲೆಸುವ ರೈಜೋಬಿಯಂ ವರ್ಗದ ಬ್ಯಾಕ್ಟೀರಿಯಾ ಅದನ್ನು ಪೈರಿಗೆ ಒದಗುವ ರೂಪಕ್ಕೆ ತರುತ್ತದೆ. ಪ್ರತಿಯಾಗಿ ಪೈರು ಅದಕ್ಕೆ ಸಕ್ಕರೆಯನ್ನು ಕೊಡುತ್ತದೆ. ಗಂಟನ್ನು ಸೀಳಿದಾಗ ಒಳಭಾಗ ನಸುಗೆಂಪಾಗಿದ್ದರೆ ಕೆಲಸ ನಡೆದಿದೆ ಎಂದರ್ಥ. 45 ಕಿಲೋ ಯೂರಿಯಾ ಚೀಲವೊಂದರಲ್ಲಿ ಇರುವ ಸಾರಜನಕ 20.7 ಕಿಲೋ ಮಾತ್ರ. ಯೂರಿಯಾ ಅತಿಯಾದರೆ ಬೇರುಗಂಟುಗಳೇ ಕಡಿಮೆಯಾಗುತ್ತವೆ. ಸುಣ್ಣದ ಅಂಶವಿರುವ ಎರೆಭೂಮಿಯಲ್ಲಿ ಸಿಕ್ಕಿಬಿದ್ದ ರಂಜಕವನ್ನು ತಮ್ಮ ಆಮ್ಲಗಳಿಂದ ಕರಗಿಸುವ ಜೀವಾಣುಗಳೂ ಉಂಟು.

ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನ ಸಂಗತಿ ಬೇರೆ. ಸದಾ ನೀರು ನಿಂತ ಗದ್ದೆಯಲ್ಲಿ ಆಮ್ಲಜನಕ ಕಡಿಮೆಯಾಗಿ, ನೈಟ್ರೇಟನ್ನು ಅನಿಲವಾಗಿಸಿ ಗಾಳಿಗೆ ಬಿಡುವ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆಯುತ್ತವೆ. ರೈತನು ಹಣ ಕೊಟ್ಟು ಹಾಕಿದ ಗೊಬ್ಬರದ ಒಂದು ಪಾಲು ಹೀಗೆ ಹಾರಿಹೋಗುತ್ತದೆ. ಜೌಗು ಮತ್ತು ಸವಳು ಸೇರಿದಲ್ಲಿ ಉಪಯುಕ್ತ ಜೀವಾಣುಗಳೂ ಕುಗ್ಗುತ್ತವೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ನಿರ್ವಹಣೆಯೇ ಒಂದು ಪ್ರಮುಖ ಸಂಶೋಧನಾ ವಿಷಯವಾಗಿದೆ. ಬಸಿಗಾಲುವೆ, ಡಯಂಚದಂತಹ ಹಸಿರೆಲೆ ಗೊಬ್ಬರ ಇವು ಪರಿಚಿತ ಪರಿಹಾರಗಳು. ನೀರು ಬಿಟ್ಟೊಡನೆ ನಾಟಿಗೆ ಧಾವಿಸುವ ನಮ್ಮವರಿಗೆ ಡಯಂಚ ಬೆಳೆಸುವ ತಾಳ್ಮೆ ಎಲ್ಲಿಯದು?

ಇನ್ನು ವ್ಯಾಪಾರಿಗಳಿಗೆ ನೇರವಾಗಿ ಸಂಬಂಧಿಸಿದ ಮಾತು. ಜೀವಾಣು ಗೊಬ್ಬರಗಳು 2006ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶ, 1985ರ ವ್ಯಾಪ್ತಿಗೆ ಬಂದವು. ರೈಜೋಬಿಯಂ ಪುಡಿಯಾದರೆ ಗ್ರಾಂ ಒಂದಕ್ಕೆ ಕನಿಷ್ಠ 5 ಕೋಟಿ, ದ್ರವವಾದರೆ ಮಿಲಿಲೀಟರಿಗೆ 10 ಕೋಟಿ ಜೀವಂತ ಕೋಶಗಳಿರಬೇಕು. ಮಾರಾಟಗಾರನ ಬಳಿ ಸರಬರಾಜುದಾರನಿಂದ ಪಡೆದ 'ಓ' ನಮೂನೆಯ ಮೂಲ ಪ್ರಮಾಣಪತ್ರವಿರಬೇಕು. ಉಲ್ಲಂಘನೆಗೆ ಅಗತ್ಯ ವಸ್ತುಗಳ ಕಾಯ್ದೆ, 1955 ಅನ್ವಯಿಸುತ್ತದೆ.

ಕೆಲ ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರ ದಾಸ್ತಾನು ಪಟ್ಟಿಯಲ್ಲಿ ಅವಧಿ ಮೀರಿದ ಇಂತಹ ಪೊಟ್ಟಣಗಳನ್ನು ಪೂರ್ಣ ಖರೀದಿ ಬೆಲೆಗೆ ತೋರಿಸಲಾಗಿತ್ತು. "ಸರ್, ಪೊಟ್ಟಣ ಒಡೆದಿಲ್ಲ, ಮಾಲು ಕೆಟ್ಟಿಲ್ಲ" ಎಂದರು. ಅವರ ಗೋದಾಮಿಗೆ ತಗಡಿನ ಚಾವಣಿ. ನಮ್ಮ ಬೇಸಿಗೆ ತಮಗೆ ಗೊತ್ತೇ ಇದೆ. ಅಲ್ಲಿ ಉಳಿದಿದ್ದುದು ಸತ್ತ ಜೀವಾಣುಗಳ ಕಪ್ಪು ಪುಡಿ. ಅದನ್ನು ಕೊಂಡ ರೈತನಿಗೆ ಪೊಟ್ಟಣದ ಬೆಲೆಯಷ್ಟೇ ಅಲ್ಲ, ಒಂದು ಹಂಗಾಮಿನ ಪ್ರಯೋಜನವೂ ನಷ್ಟ. ಮರುವರ್ಷ ಆತ ಅದೇ ಅಂಗಡಿಗೆ ಬರುವುದು ಅನುಮಾನ. ವಾದ ಬಹಳ ನಡೆಯಿತು. ಕೊನೆಗೆ ಆ ಮೊತ್ತವನ್ನು ನಷ್ಟವೆಂದು ತೆಗೆಸಿದೆ.

ಲೆಕ್ಕಪತ್ರ ಮಾನದಂಡ 2ರ ಪ್ರಕಾರ ದಾಸ್ತಾನಿನ ಮೌಲ್ಯ, ಖರೀದಿ ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ, ಇವುಗಳಲ್ಲಿ ಯಾವುದು ಕಡಿಮೆಯೋ ಅದು. ನಾಶಪಡಿಸಿದ ಅಥವಾ ನಷ್ಟವೆಂದು ತೆಗೆದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಜಿಎಸ್‌ಟಿ ಕಾಯ್ದೆಯ ಕಲಂ 17(5)(ಎಚ್) ಅನ್ವಯ ಹಿಂದಿರುಗಿಸಬೇಕು. ಆದುದರಿಂದ ಹಂಗಾಮಿಗೆ ಬೇಕಾದಷ್ಟನ್ನೇ ತರಿಸಿ, ನೆರಳಿನ ತಂಪು ಸ್ಥಳದಲ್ಲಿ, ಯೂರಿಯಾ ಮತ್ತು ಕೀಟನಾಶಕಗಳಿಂದ ದೂರವಿಡುವುದು ಲಾಭಕರ. ತೊಗರಿಯ ರೈಜೋಬಿಯಂ ಕಡಲೆಗೆ ಒದಗದು; ಗಿರಾಕಿಯ ಬೆಳೆಯನ್ನು ಕೇಳಿಯೇ ಪೊಟ್ಟಣ ಕೊಡಬೇಕು. ಬೀಜಕ್ಕೆ ಶಿಲೀಂಧ್ರನಾಶಕವನ್ನು ಮೊದಲು, ಜೀವಾಣುವನ್ನು ಕೊನೆಗೆ ಲೇಪಿಸಿ, ನೆರಳಿನಲ್ಲಿ ಆರಿಸಿ ಅಂದೇ ಬಿತ್ತಲು ತಿಳಿಸಬೇಕು. ಬರುವ ಮಾರ್ಚ್ 31ರ ಪಟ್ಟಿಯಲ್ಲಿ ಇವನ್ನು ಪ್ರತ್ಯೇಕ ಶೀರ್ಷಿಕೆಯಡಿ, ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕಗಳ ಸಹಿತ ಬರೆದಿಡಲು ಕೋರುತ್ತೇನೆ.