ಹುಲ್ಲುಹಾಸಿನ ನೀರು, ಮೇಲ್ಮಣ್ಣಿನ ಆಳ

ಹುಲ್ಲುಹಾಸಿಗೆ ದಿನಕ್ಕೆ ಎಷ್ಟು ನೀರು ಬೇಕೆಂಬುದು ಬಿಸಿಲು, ಗಾಳಿ ಮತ್ತು ಹುಲ್ಲಿನ ತಳಿಯನ್ನು ಅವಲಂಬಿಸಿದೆಯಾದರೂ, ಆ ನೀರನ್ನು ಎಷ್ಟು ದಿನಗಳಿಗೊಮ್ಮೆ ಹಾಯಿಸಬೇಕು, ಅದರಲ್ಲಿ ಎಷ್ಟು ಪೋಲಾಗುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅಡಿಯಲ್ಲಿರುವ ಮೇಲ್ಮಣ್ಣು. ಕೊಳೆತ ಸಸ್ಯಾಂಶ, ಸೂಕ್ಷ್ಮಜೀವಿಗಳು ಮತ್ತು ಬೇರುಗಳು ಹೆಚ್ಚಾಗಿರುವ, ನೆಲದ ಅತ್ಯಂತ ಮೇಲಿನ ಪದರವೇ ಮೇಲ್ಮಣ್ಣು. ನೀರಿನ ಅಭಾವವಿರುವ ಅಮೆರಿಕದ ಕೆಲವು ನಗರಗಳು ಹೊಸ ಹುಲ್ಲುಹಾಸಿನ ಕೆಳಗೆ ಈ ಪದರ ಹೇಗಿರಬೇಕೆಂದು ನಿಯಮ ರೂಪಿಸಿರುವುದು ಈ ಕಾರಣದಿಂದಲೇ.

ಮಣ್ಣು ಪೂರ್ತಿ ನೆನೆದು ಹೆಚ್ಚುವರಿ ನೀರು ಬಸಿದುಹೋದ ಮೇಲೆ ಸಣ್ಣ ರಂಧ್ರಗಳಲ್ಲಿ ಉಳಿಯುವ ತೇವದ ಮಟ್ಟವನ್ನು ಕ್ಷೇತ್ರ ಸಾಮರ್ಥ್ಯವೆಂದೂ, ನೀರು ಮಣ್ಣಿನ ಕಣಗಳಿಗೆ ಬಿಗಿಯಾಗಿ ಅಂಟಿಕೊಂಡು ಬೇರುಗಳಿಗೆ ಸಿಗದಂತಾಗುವ ಮಟ್ಟವನ್ನು ಶಾಶ್ವತ ಬಾಡುವ ಬಿಂದುವೆಂದೂ ಕರೆಯುತ್ತಾರೆ. ಇವೆರಡರ ನಡುವಿನ ನೀರಷ್ಟೇ ಗಿಡಕ್ಕೆ ದಕ್ಕುವಂಥದ್ದು. ಸಾಧಾರಣ ಗೋಡುಮಣ್ಣಿನಲ್ಲಿ ಇದು ಗಾತ್ರದ ಶೇಕಡಾ 15ರಷ್ಟಿದೆ ಎಂದಿಟ್ಟುಕೊಂಡರೆ, 10 ಸೆಂಟಿಮೀಟರ್ ದಪ್ಪದ ಪದರ ಒಂದು ಚದರ ಮೀಟರಿಗೆ 15 ಲೀಟರ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಿರುಬೇಸಿಗೆಯಲ್ಲಿ ಎಲೆಗಳಿಂದಲೂ ನೆಲದಿಂದಲೂ ದಿನಕ್ಕೆ 5 ಲೀಟರ್ ಆವಿಯಾದರೆ ಈ ಸಂಗ್ರಹ ಮೂರೇ ದಿನಕ್ಕೆ ಮುಗಿಯುತ್ತದೆ. ಅದೇ ಮಣ್ಣು 30 ಸೆಂಟಿಮೀಟರ್ ಆಳವಿದ್ದು ಬೇರುಗಳು ಅಲ್ಲಿಯವರೆಗೆ ಇಳಿದಿದ್ದರೆ ಒಂಬತ್ತು ದಿನ ಬರುತ್ತದೆ. ತೆಳುಮಣ್ಣಿಗೆ ಒಂದೇ ಸಲಕ್ಕೆ 25 ಲೀಟರ್ ಹಾಯಿಸಿದರೂ ಮಿಕ್ಕ 10 ಲೀಟರ್ ಕೆಳಗೆ ಬಸಿದೋ ರಸ್ತೆಗೆ ಹರಿದೋ ಹೋಗುವುದರಿಂದ, ಅಂಥ ಹುಲ್ಲುಹಾಸಿನ ಒಡೆಯರು ಮತ್ತೆ ಮತ್ತೆ ನಲ್ಲಿ ತಿರುಗಿಸಬೇಕಾಗುತ್ತದೆ.

ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರವು ಬಹುಕಾಲದಿಂದ ಎಡ್ವರ್ಡ್ಸ್ ಅಂತರ್ಜಲಾಶಯವನ್ನು, ಅಂದರೆ ಸುಣ್ಣಕಲ್ಲಿನ ಬಿರುಕು ಪೊಟರೆಗಳಲ್ಲಿ ತುಂಬಿರುವ ಭೂಗತ ನೀರನ್ನು, ನೆಚ್ಚಿಕೊಂಡು ಬಂದಿದೆ. ನಗರದ ಉತ್ತರ ಭಾಗದಲ್ಲಿ ಸುಣ್ಣಕಲ್ಲಿನ ಮೇಲೆ ಮಣ್ಣು ಬಲು ತೆಳುವಾಗಿದ್ದರೆ, ಬೇರೆ ಕಡೆಗಳಲ್ಲಿ ಉತ್ತರ ಕರ್ನಾಟಕದ ಎರೆಮಣ್ಣಿನ ವರ್ಗಕ್ಕೇ ಸೇರಿದ, ಒಣಗಿದಾಗ ಬಿರಿಯುವ ಕಪ್ಪು ಜೇಡಿ ಸಿಗುತ್ತದೆ. ಹೊಸ ಹುಲ್ಲುಹಾಸಿನ ಅಡಿಯಲ್ಲಿ ಕನಿಷ್ಠ 4 ಅಂಗುಲ ಮಣ್ಣಿರಬೇಕು ಮತ್ತು ಹುಲ್ಲಿನ ತಳಿ ಬೇಸಿಗೆಯ ಬರದಲ್ಲಿ ಸುಪ್ತಾವಸ್ಥೆಗೆ ಜಾರಿ ಉಳಿಯಬಲ್ಲದ್ದಾಗಿರಬೇಕು ಎಂಬ ನಿಯಮ ಅಲ್ಲಿ 2006ರಲ್ಲಿ ಜಾರಿಗೆ ಬಂತು.

ಯಾವ ತಳಿ 60 ದಿನಗಳ ಬರವನ್ನು ತಾಳುತ್ತದೆ ಎಂದು ತಿಳಿಯಲು 2006 ಮತ್ತು 2007ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ತಜ್ಞರು ನಗರದ ಜಲಮಂಡಳಿಯ ಸಹಯೋಗದಲ್ಲಿ ಬಳಸಿದ ಯಂತ್ರವೆಂದರೆ ಚಲಿಸುವ ಚಾವಣಿ. ಗಾಜಿನ ಮನೆಯೊಳಗೆ ಬೆಳಕು, ಗಾಳಿ, ತಾಪ ಎಲ್ಲವೂ ಬದಲಾಗುವುದರಿಂದ ಅಲ್ಲಿ ಕಂಡ ಫಲಿತಾಂಶ ಬಯಲಿಗೆ ಹೊಂದುವುದಿಲ್ಲ. ಆದ್ದರಿಂದ ಈ ಚಾವಣಿ ಸಾಮಾನ್ಯವಾಗಿ ತಾಕುಗಳಿಂದ ಆಚೆಗೆ ಸರಿದಿದ್ದು, ಮಳೆ ಶುರುವಾದೊಡನೆ ತಾನಾಗಿ ಅವುಗಳ ಮೇಲೆ ಬಂದು ಮುಚ್ಚಿಕೊಳ್ಳುತ್ತದೆ. ಹೀಗೆ ಬಿಸಿಲು ಗಾಳಿಗಳಿಗೆ ತೆರೆದುಕೊಂಡಿದ್ದರೂ ಹನಿ ಮಳೆಯೂ ಬೀಳದ ಬರವೊಂದನ್ನು ಕೃತಕವಾಗಿ ಸೃಷ್ಟಿಸಬಹುದು. ಇದರಡಿ 25 ತಳಿಗಳನ್ನು ಆಳವಾದ ಸಹಜ ಮಣ್ಣಿನಲ್ಲೂ, ಬೇರು ಕೆಳಗಿಳಿಯದಂತೆ 4 ಅಂಗುಲಕ್ಕೆ ಸೀಮಿತಗೊಳಿಸಿದ ಮಣ್ಣಿನಲ್ಲೂ ಬೆಳೆಸಿ ಹೋಲಿಸಲಾಯಿತು. ಆಳದ ಮಣ್ಣಿನಲ್ಲಿದ್ದ ಹೆಚ್ಚಿನ ತಳಿಗಳು ಕಂದುಬಣ್ಣಕ್ಕೆ ತಿರುಗಿದರೂ ನೀರು ಕೊಟ್ಟ ಮೇಲೆ ಚಿಗುರಿದವು. ತೆಳುಮಣ್ಣಿನ ತಾಕುಗಳು 60 ದಿನಗಳನ್ನು ತಾಳಲಾರದೆ ಹೋದವು. ಬರ್ಮುಡಾ ಹುಲ್ಲೆಂದು ಅಲ್ಲಿ ಹೆಸರಾದ ನಮ್ಮ ಗರಿಕೆ ಚೆನ್ನಾಗಿ ಚೇತರಿಸಿಕೊಂಡ ಹುಲ್ಲುಗಳಲ್ಲೊಂದು. ನೆಲದೊಳಗೆ ಹರಡುವ ಅದರ ಕಾಂಡಗಳು ಮೇಲಿನ ಎಲೆ ಒಣಗಿದರೂ ಜೀವ ಹಿಡಿದಿರುತ್ತವೆ. ಆದರೆ ಆ ಗುಣ ಕೆಲಸಕ್ಕೆ ಬರಬೇಕಾದರೂ ಕಾಲಡಿ ಆಳವಾದ ಮಣ್ಣು ಬೇಕೆಂಬುದು ಈ ಪ್ರಯೋಗದಿಂದ ಸ್ಪಷ್ಟವಾಯಿತು.

ಆಳವೊಂದಿದ್ದರೂ ಸಾಲದು. ಕಟ್ಟಡ ಕಟ್ಟುವಾಗ ಬುಲ್ಡೋಜರ್ ಮೇಲ್ಮಣ್ಣನ್ನು ಕೆರೆದು ಹಾಕಿ, ಉಳಿದ ನೆಲವನ್ನು ಲಾರಿಗಳ ಗಾಲಿ ಅದುಮಿ ಗಟ್ಟಿ ಮಾಡುವುದರಿಂದ ನೀರೂ ಬೇರೂ ಇಳಿಯುವ ದೊಡ್ಡ ರಂಧ್ರಗಳು ಮುಚ್ಚಿಹೋಗುತ್ತವೆ. ಅಂಥ ನೆಲದ ಮೇಲೆ ಒಳ್ಳೆಯ ಮಣ್ಣನ್ನು ಬರಿದೆ ಹರಡಿದರೆ, ಎರಡು ಬಗೆಯ ಮಣ್ಣು ಕೂಡುವಲ್ಲಿ ನೀರು ತಡೆದು ನಿಂತು, ಬೇರುಗಳು ಮೇಲ್ಪದರದಲ್ಲೇ ಸುತ್ತಾಡುತ್ತವೆ. ಆದಕಾರಣ ಕೊಲರಾಡೊದ ಡೆನ್ವರ್ ನಗರದ ಜಲಮಂಡಳಿ 1,000 ಚದರ ಅಡಿಗೆ 4 ಘನ ಗಜದಷ್ಟು, ಅಂದರೆ ಹರಡಿದರೆ ಸುಮಾರು 1.3 ಅಂಗುಲ ದಪ್ಪವಾಗುವಷ್ಟು, ಕಾಂಪೋಸ್ಟ್ ಗೊಬ್ಬರವನ್ನು ಹಾಕಿ 6 ಅಂಗುಲ ಆಳದವರೆಗೆ ಅಗೆದು ಬೆರೆಸಬೇಕೆಂದು ವಿಧಿಸಿದೆ.

ಗೊಬ್ಬರ ತಾನೇ ಅಪಾರ ನೀರನ್ನು ಹಿಡಿದಿಡುತ್ತದೆ ಎಂಬ ನಂಬಿಕೆ ಮಾತ್ರ ಉತ್ಪ್ರೇಕ್ಷೆಯದು. ಮಣ್ಣಿನ ಸಾವಯವ ಇಂಗಾಲ ಶೇಕಡಾ 1ರಷ್ಟು ಹೆಚ್ಚಿದರೆ 10 ಸೆಂಟಿಮೀಟರ್ ಪದರದಲ್ಲಿ ಗಿಡಕ್ಕೆ ದಕ್ಕುವ ನೀರು ಸರಾಸರಿ 1.16 ಮಿಲಿಮೀಟರ್ ಮಾತ್ರ ಹೆಚ್ಚುತ್ತದೆ ಎಂದು, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿತು. ಗೊಬ್ಬರದ ನಿಜವಾದ ಉಪಕಾರವೆಂದರೆ ಮಣ್ಣನ್ನು ಹುಡಿಯಾಗಿಸಿ, ನೀರು ಬೇಗ ಇಂಗುವಂತೆಯೂ ಬೇರು ಆಳಕ್ಕೆ ಇಳಿಯುವಂತೆಯೂ ಮಾಡುವುದು. ಈ ಕೆಲಸಗಳೆಲ್ಲ ಹುಲ್ಲು ಹಾಸುವ ಮೊದಲೇ ಆಗಬೇಕಾದವು. ಹಸಿರು ಹೊದಿಸಿದ ಮೇಲೆ ಎರಡು ಅಂಗುಲದ ಮಣ್ಣಿಗೂ ಒಂದು ಅಡಿ ಮಣ್ಣಿಗೂ ವ್ಯತ್ಯಾಸ ಕಣ್ಣಿಗೆ ಕಾಣದಿರುವುದರಿಂದ, ನಿಯಮವನ್ನು ಅಗೆದ ನೆಲದಲ್ಲಿ ಅಳತೆ ಮಾಡಿಯೇ ಜಾರಿಗೊಳಿಸಬೇಕಾಗುತ್ತದೆ.