‘ಆ ಊರು ಮಕ್ಕಳಿಗೆ ಸೇಫ್ ಅಲ್ಲ’: ಫಾರ್ವರ್ಡ್ ನಂಬಿ ಮನೆ ಆರಿಸಬಹುದೇ?

ಮನೆ ಬದಲಾಯಿಸುತ್ತಿದ್ದೇವೆ ಎಂದು ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಸಾಲು ಹಾಕಿ ನೋಡಿ. ಅರ್ಧ ಗಂಟೆಯಲ್ಲಿ ಸಲಹೆಗಳ ಸುರಿಮಳೆ. ‘ಅಲ್ಲಿ ಮಕ್ಕಳ ಕಳ್ಳರಿದ್ದಾರಂತೆ’, ‘ಟವರ್ ಪಕ್ಕ ಮನೆ ಹಿಡಿಯಬೇಡಿ’, ‘ಟಿಡಿಎಸ್ ಮೀಟರ್ ಹಾಕಿ ನೀರು ನೋಡಿ’, ‘ಈಗ ಹೋದರೆ ಸ್ಕೂಲಿಗೆ ಸೇರಿಸಿಕೊಳ್ಳಲ್ಲ’. ಕಳಿಸಿದವರ ಕಾಳಜಿ ನಿಜವಾದದ್ದೇ. ಆದರೆ ಸಂದೇಶ ನಿಜವೇ?

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಗಂಡ, ಹೆಂಡತಿ, ಎಂಟು ವರ್ಷದ ಮಗಳು, ಒಂದೂವರೆ ವರ್ಷದ ಮಗ ಇರುವ ಕುಟುಂಬವೊಂದು ಬೆಂಗಳೂರು ಬಿಟ್ಟು ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಗೆ ಬರಬೇಕೆಂದಿದೆ ಎಂದುಕೊಳ್ಳಿ. ಮೊದಲು ಏನನ್ನು ನೋಡಬೇಕು? ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ಮೊದಲ ಪ್ರಶ್ನೆ: ಯಾವ ಅರಕೆರೆ?

ನಗೆ ಬರಬಹುದು, ಆದರೆ ಇಲ್ಲಿಂದಲೇ ಶುರು ಮಾಡಬೇಕು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲೂ ಒಂದು ಅರಕೆರೆ ಇದೆ. ಮೊಬೈಲಿನಲ್ಲಿ ಬರೀ ‘ಅರಕೆರೆ’ ಎಂದು ಹುಡುಕಿದರೆ ಅಲ್ಲಿನ ಟ್ರಾಫಿಕ್, ಬಾಡಿಗೆ, ಕಳ್ಳತನದ ಸುದ್ದಿಯೂ ಬರುತ್ತದೆ. ಅದನ್ನು ಓದಿ ಮಂಡ್ಯ ಜಿಲ್ಲೆಯ ಅರಕೆರೆ ಬಗ್ಗೆ ತೀರ್ಮಾನಕ್ಕೆ ಬಂದರೆ ಹೇಗೆ? ಒಂದೇ ಹೆಸರಿನ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಫಾರ್ವರ್ಡ್‌ನಲ್ಲಿ ತಾಲ್ಲೂಕು, ಜಿಲ್ಲೆ, ದಿನಾಂಕ ಇಲ್ಲದಿದ್ದರೆ ಅದು ಯಾವ ಊರಿನದ್ದೂ ಆಗಿರಬಹುದು, ಯಾವ ವರ್ಷದ್ದೂ ಆಗಿರಬಹುದು.

ಫಾರ್ವರ್ಡ್ 1: ‘ಮಕ್ಕಳ ಕಳ್ಳರು ಓಡಾಡುತ್ತಿದ್ದಾರೆ’

2018ರಲ್ಲಿ ಈ ವದಂತಿ ರಾಜ್ಯದಲ್ಲಿ ಜೀವಗಳನ್ನೇ ತೆಗೆಯಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ದುಡಿಯಲು ಬಂದಿದ್ದ ರಾಜಸ್ಥಾನದ ಯುವಕನನ್ನು, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಉದ್ಯೋಗಿಯನ್ನು ಜನ ಮಕ್ಕಳ ಕಳ್ಳರೆಂದು ಹೊಡೆದು ಕೊಂದರು. ಇಬ್ಬರೂ ಕಳ್ಳರಾಗಿರಲಿಲ್ಲ. ಆ ಜುಲೈನಲ್ಲೇ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗೆ ಮಾತ್ರ ಕಳಿಸಬಹುದೆಂಬ ಮಿತಿ ತರುವುದಾಗಿ ಪ್ರಕಟಿಸಿತು.

ಹಾಗಾದರೆ ಮಕ್ಕಳಿಗೆ ಅಪಾಯವೇ ಇಲ್ಲವೇ? ಇದೆ. ಆದರೆ ಅದು ಹೆಚ್ಚಾಗಿ ಬರುವುದು ಬೇರೆ ಕಡೆಯಿಂದ. ಮಕ್ಕಳ ಮೇಲಿನ ಅತ್ಯಾಚಾರದ ಪೋಕ್ಸೊ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಕಡೆ ಆರೋಪಿ ಮಗುವಿಗೆ ಪರಿಚಯವಿದ್ದವನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಗಳು ವರ್ಷ ವರ್ಷ ತೋರಿಸುತ್ತಿವೆ. ಅಪರಿಚಿತರ ಫೋಟೋ ಹಂಚುವುದಕ್ಕಿಂತ, ‘ಯಾರೇ ಆಗಲಿ, ನಿನಗೆ ಇಷ್ಟವಿಲ್ಲದ ಹಾಗೆ ಮುಟ್ಟಿದರೆ ನಮಗೆ ಹೇಳು, ಬೈಯುವುದಿಲ್ಲ’ ಎಂದು ಮಗುವಿಗೆ ಹೇಳಿಕೊಡುವುದು ಎಷ್ಟೋ ಮೇಲು. ಮಕ್ಕಳ ಸಹಾಯವಾಣಿ 1098 ಮತ್ತು ತುರ್ತು ಸಂಖ್ಯೆ 112 ಅನ್ನು ಮಗುವಿಗೂ ಬಾಯಿಪಾಠ ಮಾಡಿಸಿ.

ಇನ್ನೊಂದು ಮಾತು. ಹೊಸ ಊರಿಗೆ ಹೋದ ದಿನ ಅಲ್ಲಿನವರ ಕಣ್ಣಿಗೆ ಅಪರಿಚಿತರು ನಾವೇ. ಇಂದು ನಾವು ಮುಂದೂಡುವ ‘ಹೊಸಬರನ್ನು ನಂಬಬೇಡಿ’ ಸಂದೇಶ ನಾಳೆ ನಮ್ಮ ಬಾಗಿಲಿಗೇ ಬರಬಹುದು.

ಫಾರ್ವರ್ಡ್ 2: ‘ಮೊಬೈಲ್ ಟವರ್ ಪಕ್ಕ ಮನೆ ಬೇಡ, ಕ್ಯಾನ್ಸರ್ ಬರುತ್ತದೆ’

ಟವರ್‌ನಿಂದ ಬರುವುದು ರೇಡಿಯೋ ತರಂಗ. ಎಕ್ಸ್‌ರೇಯಂತೆ ಜೀವಕೋಶದ ಒಳಗಿನ ಡಿಎನ್ಎ ಮುರಿಯುವ ಶಕ್ತಿ ಅದಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ಈ ತರಂಗಗಳನ್ನು ‘ಕ್ಯಾನ್ಸರ್‌ಕಾರಕ ಆಗಿರಬಹುದು’ ಎಂಬ 2ಬಿ ಗುಂಪಿಗೆ ಸೇರಿಸಿದ್ದು ನಿಜ. ಅದಕ್ಕೆ ಮುಖ್ಯ ಕಾರಣ ಫೋನನ್ನು ಕಿವಿಗೆ ಒತ್ತಿ ಹಿಡಿದು ಹೆಚ್ಚು ಮಾತಾಡುವವರ ಮೇಲಿನ ಅಧ್ಯಯನಗಳು. ಅವುಗಳ ಪುರಾವೆಯೂ ಸೀಮಿತವೆಂದೇ ಆ ಸಂಸ್ಥೆ ಹೇಳಿತ್ತು. ಟವರ್‌ಗಳ ದುರ್ಬಲ ಸಂಕೇತದಿಂದ ಆರೋಗ್ಯ ಕೆಡುತ್ತದೆ ಎಂಬುದಕ್ಕೆ ಒಪ್ಪುವಂಥ ಪುರಾವೆ ಸಿಕ್ಕಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಭಾರತದಲ್ಲಿ 2012ರಿಂದ ಇರುವ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ ಮಾತ್ರ. ಅನುಮಾನವಿದ್ದರೆ ದೂರಸಂಪರ್ಕ ಇಲಾಖೆಯ ‘ತರಂಗ್ ಸಂಚಾರ್’ ಪೋರ್ಟಲ್‌ನಲ್ಲಿ ಆ ಟವರ್‌ನ ವಿವರ ನೋಡಬಹುದು.

ಟವರ್ ನೋಡಿ ಒಳ್ಳೆಯ ಮನೆ ಬಿಟ್ಟು, ನಾಲೆ ಏರಿಯ ಪಕ್ಕದ ಮನೆ ಹಿಡಿದರೆ ಇಲ್ಲದ ಅಪಾಯ ತಪ್ಪಿಸಿಕೊಂಡು ಇರುವ ಅಪಾಯಕ್ಕೆ ಹೋದಂತೆ. ನಾಲೆಯ ವಿಷಯಕ್ಕೆ ಮುಂದೆ ಬರೋಣ.

ಫಾರ್ವರ್ಡ್ 3: ‘ಟಿಡಿಎಸ್ ಕಡಿಮೆ ಇದ್ದರೆ ನೀರು ಶುದ್ಧ’

ಅರ್ಧ ಸತ್ಯ. ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಎಂಬ ಅಂದಾಜನ್ನಷ್ಟೇ ಟಿಡಿಎಸ್ ಮೀಟರ್ ಕೊಡುತ್ತದೆ. ಯಾವ ಲವಣ ಎಂದು ಹೇಳುವುದಿಲ್ಲ. ರೋಗಾಣು ಅದಕ್ಕೆ ಕಾಣುವುದೇ ಇಲ್ಲ. ಚರಂಡಿ ನೀರು ಸ್ವಲ್ಪ ಬೆರೆತ ನಲ್ಲಿ ನೀರೂ ಮೀಟರ್‌ನಲ್ಲಿ ‘ಚೆನ್ನಾಗಿದೆ’ ಎಂದೇ ತೋರಿಸಬಹುದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದ ಕಡೆ 2000ದವರೆಗೆ ಒಪ್ಪಿಗೆ ಇದೆ. ನೈಟ್ರೇಟ್ ಮಾತ್ರ 45 ಮಿಲಿಗ್ರಾಂ ದಾಟಬಾರದು. ಗೊಬ್ಬರ ಹೆಚ್ಚು ಹಾಕುವ ಗದ್ದೆ ಬಯಲಿನ ಬೋರ್‌ವೆಲ್‌ಗಳಲ್ಲಿ ಇದನ್ನು ನೋಡಲೇಬೇಕು. ನೈಟ್ರೇಟ್ ಹೆಚ್ಚಿರುವ ನೀರಿನಲ್ಲಿ ಹಾಲಿನಪುಡಿ ಕಲಸಿ ಕೊಟ್ಟರೆ ಆರು ತಿಂಗಳೊಳಗಿನ ಹಸುಗೂಸಿನ ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು. ಕುದಿಸಿದರೂ ನೈಟ್ರೇಟ್ ಹೋಗುವುದಿಲ್ಲ.

ಏನು ಮಾಡಬೇಕು? ಜಲಜೀವನ್ ಮಿಷನ್‌ನಡಿ ನೀರು ಪರೀಕ್ಷೆಯ ಕಿಟ್‌ಗಳನ್ನು ಗ್ರಾಮಗಳಿಗೆ ಕೊಟ್ಟು, ಬಳಸಲು ಸ್ಥಳೀಯ ಮಹಿಳೆಯರಿಗೆ ತರಬೇತಿ ನೀಡಲಾಗುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಸರ್ಕಾರಿ ಪ್ರಯೋಗಾಲಯದಲ್ಲೂ ಕಡಿಮೆ ಖರ್ಚಿನಲ್ಲಿ ಪರೀಕ್ಷೆ ಮಾಡಿಸಬಹುದು. ಅಡ್ವಾನ್ಸ್ ಕೊಡುವ ಮೊದಲೇ ಮಾಡಿಸಿ.

ಫಾರ್ವರ್ಡ್ 4: ‘ವರ್ಷದ ನಡುವೆ ಬಂದರೆ ಶಾಲೆಗೆ ಸೇರಿಸಿಕೊಳ್ಳಲ್ಲ, ಟಿಸಿ ಬೇಕೇ ಬೇಕು’

6ರಿಂದ 14 ವರ್ಷದ ಮಕ್ಕಳ ವಿಷಯದಲ್ಲಿ ಇದು ತಪ್ಪು. 2009ರ ಶಿಕ್ಷಣ ಹಕ್ಕು ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ದಾಖಲಾತಿ ಅವಧಿ ಮುಗಿದ ಮೇಲೆ ಬಂದರೂ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. 5ನೇ ಸೆಕ್ಷನ್ ಪ್ರಕಾರ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರುವಾಗ ಟಿಸಿ ತಡವಾಯಿತೆಂದು ಪ್ರವೇಶ ತಡೆಯುವಂತಿಲ್ಲ. ಹಳೆಯ ಶಾಲೆಯ ಮುಖ್ಯ ಶಿಕ್ಷಕರೂ ಟಿಸಿಯನ್ನು ಕೂಡಲೇ ಕೊಡಬೇಕು. ಮನೆ ನೋಡುವಾಗ ಶಾಲೆಯ ದೂರಕ್ಕೂ ಒಂದು ಅಳತೆ ಇದೆ: ಕೇಂದ್ರದ ನಿಯಮದಂತೆ 1ರಿಂದ 5ನೇ ತರಗತಿಗೆ ನಡೆದು ಹೋಗುವ 1 ಕಿ.ಮೀ. ಒಳಗೆ, 6ರಿಂದ 8ಕ್ಕೆ 3 ಕಿ.ಮೀ. ಒಳಗೆ ಶಾಲೆ ಇರಬೇಕು.

ಅಕ್ಕಿಯ ಚಿಂತೆಯೂ ಬೇಡ. ಆಹಾರ ಭದ್ರತಾ ಕಾಯ್ದೆಯಡಿಯ ರೇಷನ್ ಕಾರ್ಡ್ ಇದ್ದರೆ, ಬೆರಳಚ್ಚು ಕೊಟ್ಟು ಹೊಸ ಊರಿನ ನ್ಯಾಯಬೆಲೆ ಅಂಗಡಿಯಲ್ಲೇ ಪಡಿತರ ಪಡೆಯಬಹುದು.

ಹಾಗಾದರೆ ನಿಜವಾಗಿ ನೋಡಬೇಕಾದದ್ದು ಏನು?

ಫಾರ್ವರ್ಡ್‌ಗಳಲ್ಲಿ ಅಷ್ಟಾಗಿ ಬಾರದ, ಆದರೆ ಈ ಭಾಗದಲ್ಲಿ ಮಕ್ಕಳ ಜೀವಕ್ಕೆ ಸಂಬಂಧಿಸಿದ ಮೂರು ಸಂಗತಿಗಳಿವೆ.

ಒಂದು, ನೀರು. ಶ್ರೀರಂಗಪಟ್ಟಣ, ಪಾಂಡವಪುರ ಸೀಮೆ ಕಾವೇರಿ ನಾಲೆಗಳಿಂದ ಹಸಿರಾದ ನಾಡು. ಆ ನಾಲೆಗಳೇ ಅಪಾಯವೂ ಹೌದು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಸತ್ತರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಆದ್ದರಿಂದ ಮನೆ ನೋಡಲು ಹೋದಾಗ ಶಾಲೆಯ ದಾರಿಯಲ್ಲಿ ಒಮ್ಮೆ ನಡೆದೇ ಹೋಗಿ. ದಾರಿ ನಾಲೆ ಏರಿಯ ಮೇಲಿದೆಯೇ? ತಡೆಗೋಡೆ ಇದೆಯೇ? ಶಾಲೆಯ ವ್ಯಾನ್ ಯಾವ ರಸ್ತೆಯಲ್ಲಿ ಬರುತ್ತದೆ? ನಾಲೆಯಲ್ಲಿ ಈಗ ನೀರಿಲ್ಲ ಎಂದು ಮೈಮರೆಯಬೇಡಿ, ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟ ದಿನ ಅದೇ ನಾಲೆ ತುಂಬಿ ಹರಿಯುತ್ತದೆ. ನದಿ ದಂಡೆಯ ಮನೆಯಾದರೆ, ಕೃಷ್ಣರಾಜಸಾಗರ ತನ್ನ ಪೂರ್ಣ ಮಟ್ಟ 124.80 ಅಡಿ ಮುಟ್ಟಿ ಹೆಚ್ಚು ನೀರು ಬಿಟ್ಟಾಗ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಅಕ್ಕಪಕ್ಕದ ಹಿರಿಯರನ್ನು ಕೇಳಿ. ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ.

ಎರಡು, ಸೊಳ್ಳೆ. ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮೆದುಳು ಜ್ವರ ಮಂಡ್ಯ ಜಿಲ್ಲೆಯಲ್ಲಿ ದಶಕಗಳಿಂದ ಕಂಡುಬಂದಿರುವ ಕಾಯಿಲೆ. ಇದರ ವೈರಸ್ ಬೆಳ್ಳಕ್ಕಿಯಂಥ ನೀರ ಹಕ್ಕಿ ಮತ್ತು ಹಂದಿಗಳಲ್ಲಿ ಇರುತ್ತದೆ. ಭತ್ತದ ಗದ್ದೆಯ ನಿಂತ ನೀರಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಮನುಷ್ಯರಿಗೆ ತರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಸೋಂಕು ತಗುಲಿದ ಹೆಚ್ಚಿನವರಿಗೆ ಏನೂ ಆಗುವುದಿಲ್ಲ; ಸುಮಾರು 250ರಲ್ಲಿ ಒಬ್ಬರಿಗೆ ತೀವ್ರವಾಗುತ್ತದೆ. ಹಾಗೆ ಮೆದುಳಿಗೆ ಏರಿದರೆ ನೂರಕ್ಕೆ 30ರವರೆಗೆ ಸಾಯಬಹುದು. ಈ ವೈರಸ್ಸಿಗೆ ನಿರ್ದಿಷ್ಟ ಔಷಧವಿಲ್ಲ, ಆದರೆ ಲಸಿಕೆ ಇದೆ.

ಮನೆ ಬದಲಾಯಿಸುವವರು ಗಮನಿಸಬೇಕಾದ ವಿಷಯ ಇಲ್ಲಿದೆ. ಈ ಲಸಿಕೆಯನ್ನು ಸರ್ಕಾರ ಎಲ್ಲ ಜಿಲ್ಲೆಗಳಲ್ಲೂ ಮೊದಲಿಂದ ಕೊಡುತ್ತಿರಲಿಲ್ಲ, ಕಾಯಿಲೆ ಕಂಡ ಜಿಲ್ಲೆಗಳಲ್ಲಿ ಮಾತ್ರ ಕೊಡುತ್ತಿತ್ತು. 9ರಿಂದ 12 ತಿಂಗಳಲ್ಲಿ ಒಂದು, 16ರಿಂದ 24 ತಿಂಗಳಲ್ಲಿ ಇನ್ನೊಂದು ಡೋಸ್. ಬೇರೆ ಕಡೆ ಹುಟ್ಟಿ ಬೆಳೆದ ಮಗುವಿಗೆ ಇದು ಬಿಟ್ಟುಹೋಗಿರಬಹುದು. ತಾಯಿ ಕಾರ್ಡ್ ತೆರೆದು ‘ಜೆಇ’ ಎಂಬ ಸಾಲು ನೋಡಿ. ಖಾಲಿ ಇದ್ದರೆ ಕಾರ್ಡ್ ಹಿಡಿದು ಹೊಸ ಊರಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿ. ವಲಸೆ ಬಂದವರೆಂದು ಲಸಿಕೆ ನಿರಾಕರಿಸುವುದಿಲ್ಲ. ನಮ್ಮ ಉದಾಹರಣೆಯ ಒಂದೂವರೆ ವರ್ಷದ ಮಗನಿಗೆ ಬೇರೆಲ್ಲ ವಿಚಾರಣೆಗಿಂತ ಇದು ಮುಖ್ಯ.

ಮೂರು, ರಸ್ತೆ ಮತ್ತು ಹೊಗೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ‘ಮುಕ್ಕಾಲು ಗಂಟೆಯಲ್ಲಿ ಆಫೀಸು’ ಎಂಬ ಜಾಹೀರಾತು ಹೆಚ್ಚಾಗಿದೆ. ಆದರೆ 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕ್, ಆಟೋ, ಟ್ರ್ಯಾಕ್ಟರ್‌ಗೆ ಪ್ರವೇಶವಿಲ್ಲ. ನಿಮ್ಮದು ಸ್ಕೂಟರ್ ಆದರೆ ಲೆಕ್ಕ ಸರ್ವಿಸ್ ರಸ್ತೆಯದ್ದು. ಇನ್ನು ಮನೆಗೆ ಹತ್ತಿರ ಆಲೆಮನೆ ಇದ್ದರೆ ಬೆಲ್ಲದ ಘಮ ಚೆಂದವೇ. ಒಲೆಗೆ ಏನು ಹಾಕುತ್ತಾರೆ, ಹೊಗೆ ಯಾವ ಕಡೆ ತಿರುಗುತ್ತದೆ ಎಂಬುದನ್ನೂ ನೋಡಿ. ಮಗುವಿಗೆ ಉಬ್ಬಸ ಇದ್ದರಂತೂ ಬೆಲ್ಲ ಕಾಯಿಸುವ ದಿನವೇ ಹೋಗಿ ನೋಡಿ.

ಊರನ್ನು ಓದುವುದು ಹೇಗೆ?

ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲಿ ಒಂದು ಮಾತು ಹೇಳಿದರು: ಬೀದಿಯನ್ನು ಸುರಕ್ಷಿತವಾಗಿಡುವುದು ಪೊಲೀಸರೊಬ್ಬರೇ ಅಲ್ಲ, ಬೀದಿಯ ಮೇಲೆ ಸದಾ ಇರುವ ಜನರ ಕಣ್ಣುಗಳು. ನಮಗೆ ಇದು ಹೊಸದಲ್ಲ. ಜಗಲಿಯ ಮೇಲೆ ಕೂತ ಅಜ್ಜಿ ‘ಯಾರ ಮಗ ನೀನು, ಈ ಹೊತ್ತಲ್ಲಿ ಎಲ್ಲಿಗೆ?’ ಎಂದು ಕೇಳುವುದೇ ಅದು. ಜಗಲಿಯಲ್ಲಿ ಜನ ಕೂರುವ, ಸಂಜೆ ಹೆಣ್ಣುಮಕ್ಕಳು ಸೈಕಲ್ ಹೊಡೆಯುವ ಬೀದಿ ಒಂದು ಒಳ್ಳೆಯ ಸೂಚನೆ.

ಹಾಗಾಗಿ ಒಂದೇ ಸಲ ನೋಡಿ ಬರಬೇಡಿ. ಬೆಳಿಗ್ಗೆ ಶಾಲೆಯ ಹೊತ್ತಿಗೆ, ಸಂಜೆ ದೀಪ ಹಚ್ಚಿದ ಮೇಲೆ, ಮತ್ತೆ ಮಳೆ ಬಂದ ಮರುದಿನ, ಹೀಗೆ ಮೂರು ಸಲ ಹೋಗಿ. ಬ್ರೋಕರ್‌ನನ್ನು ಕೇಳುವ ಬದಲು ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಕಿರಾಣಿ ಅಂಗಡಿಯವರು ಮತ್ತು ಬಸ್ಸಿಗೆ ಕಾಯುವ ತಾಯಂದಿರನ್ನು ಕೇಳಿ. ‘ಊರು ಚೆನ್ನಾಗಿದೆಯಾ?’ ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. ‘ರಾತ್ರಿ ಮಗುವಿಗೆ ಜ್ವರ ಬಂದರೆ ಎಲ್ಲಿಗೆ ಹೋಗ್ತೀರಿ? 108 ಎಷ್ಟು ಹೊತ್ತಿಗೆ ಬರುತ್ತೆ?’ ಎಂದು ಕೇಳಿ. ಆಗ ನಿಜವಾದ ಉತ್ತರ ಬರುತ್ತದೆ.

ಕೊನೆಯದಾಗಿ

ಅರಕೆರೆ ನಿಮ್ಮ ಕುಟುಂಬಕ್ಕೆ ಒಳ್ಳೆಯದೋ ಅಲ್ಲವೋ ಎಂದು ನಾವು ಇಲ್ಲಿ ಕೂತು ಹೇಳಲಾರೆವು. ಒಂದೇ ಊರಿನಲ್ಲಿ ನಾಲೆ ಪಕ್ಕದ ಬೀದಿ ಬೇರೆ, ಶಾಲೆ ಪಕ್ಕದ ಬೀದಿ ಬೇರೆ. ಯಾವ ಫಾರ್ವರ್ಡ್‌ಗೂ ಆ ವ್ಯತ್ಯಾಸ ಗೊತ್ತಿರುವುದಿಲ್ಲ. ಮುಂದಿನ ಸಲ ಗ್ರೂಪಿನಲ್ಲಿ ಯಾರಾದರೂ ಮನೆ ಬದಲಾಯಿಸುತ್ತೇವೆ ಎಂದರೆ, ಹೆದರಿಸುವ ಸಂದೇಶದ ಬದಲು ಈ ನಾಲ್ಕು ಮಾತು ಕಳಿಸಿ: ಶಾಲೆಯ ದಾರಿ ನಡೆದು ನೋಡಿ, ನೀರು ಪರೀಕ್ಷೆ ಮಾಡಿಸಿ, ತಾಯಿ ಕಾರ್ಡ್‌ನಲ್ಲಿ ಜೆಇ ಲಸಿಕೆ ನೋಡಿ, ಪಕ್ಕದ ಮನೆಯವರನ್ನು ಹೋಗಿ ಮಾತಾಡಿಸಿ.