ಮೇಯರ್ ಕುರ್ಚಿ ಮತ್ತು ವಿಧಾನಸೌಧದ ನೆರಳು

ಬೆಂಗಳೂರಿನ ಮೇಯರ್ ಯಾರಾಗಬೇಕೆಂದು ತೀರ್ಮಾನಿಸುವವರು ಯಾರು? ನಗರದ ಮತದಾರರೇ, ವಿಧಾನಸೌಧದಲ್ಲಿ ಕುಳಿತವರೇ? ಕಾನೂನಿನ ಪುಸ್ತಕದಲ್ಲಿ ಉತ್ತರ ಸರಳವಾಗಿದೆ. ವಾರ್ಡಿನ ಜನ ಕಾರ್ಪೊರೇಟರನ್ನು ಆರಿಸುತ್ತಾರೆ, ಕಾರ್ಪೊರೇಟರುಗಳು ಸಭೆ ಸೇರಿ ಮೇಯರನ್ನು ಆರಿಸುತ್ತಾರೆ. ಇಷ್ಟೇ ಆಗಿದ್ದರೆ 2015ರಲ್ಲಿ ಮಡಿವಾಳದ ಬಿ.ಎನ್. ಮಂಜುನಾಥ ರೆಡ್ಡಿ ಅವರು ಮೇಯರ್ ಆಗುತ್ತಲೇ ಇರಲಿಲ್ಲ.

ಆ ವರ್ಷದ ಆಗಸ್ಟ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡುಗಳಿಗೆ ಚುನಾವಣೆ ನಡೆದಾಗ ಬಿಜೆಪಿಗೆ 100 ಸ್ಥಾನ ಸಿಕ್ಕಿತು. ಕಾಂಗ್ರೆಸ್‌ಗೆ 76, ಜಾತ್ಯತೀತ ಜನತಾದಳಕ್ಕೆ 14, ಪಕ್ಷೇತರರು ಮತ್ತಿತರರಿಗೆ 8. ಸರಳ ಲೆಕ್ಕದಲ್ಲಿ ಬಿಜೆಪಿ ಗೆದ್ದಿತ್ತು. ಆದರೆ ಮೇಯರ್ ಚುನಾವಣೆಯಲ್ಲಿ ಕಾರ್ಪೊರೇಟರುಗಳ ಜೊತೆಗೆ ನಗರದ ಶಾಸಕರು, ವಿಧಾನ ಪರಿಷತ್ ಸದಸ್ಯರು, ಸಂಸದರಿಗೂ ಮತವುಂಟು. ಹಾಗೆ ಕೂಡಿಸಿದಾಗ ಮತದಾರರ ಸಂಖ್ಯೆ 260ಕ್ಕೆ ಏರಿತು. ಬಹುಮತಕ್ಕೆ 131 ಬೇಕಾಯಿತು. ಸಿದ್ದರಾಮಯ್ಯನವರ ಕಾಂಗ್ರೆಸ್ ಸರ್ಕಾರ ಅಧಿಕಾರದಲ್ಲಿದ್ದ ಕಾಲ. ಕಾಂಗ್ರೆಸ್ಸು ಜನತಾದಳದೊಡನೆ ಕೈಜೋಡಿಸಿತು, ಪಕ್ಷೇತರರು ಕೇರಳದ ರೆಸಾರ್ಟಿಗೆ ಹೋಗಿ ಬಂದರು. ಸೆಪ್ಟೆಂಬರ್ 11ರಂದು ಕೈಯೆತ್ತಿಸಿ ಎಣಿಸಿದಾಗ ಮಂಜುನಾಥ ರೆಡ್ಡಿಯವರಿಗೆ ಬಂದದ್ದು 131. ಮುಂದಿನ ವರ್ಷದ ಚುನಾವಣೆ ಹೊತ್ತಿಗೆ ಬೇರೆ ಜಿಲ್ಲೆಗಳ ವಿಧಾನ ಪರಿಷತ್ ಸದಸ್ಯರು ಬೆಂಗಳೂರಿನ ವಿಳಾಸ ತೋರಿಸಿ ಮತ ಹಾಕುತ್ತಿದ್ದಾರೆಂಬ ತಕರಾರೂ ಎದ್ದಿತು.

ಮೇಯರ್ ಪದವಿ ರಾಜ್ಯ ಸರ್ಕಾರದ ನೆರಳಿನಲ್ಲಿ ಬೆಳೆದದ್ದು ಇತ್ತೀಚಿನ ಬೆಳವಣಿಗೆಯೇನಲ್ಲ. ಬೆಂಗಳೂರಿನ ಪೇಟೆಗೆ ಪುರಸಭೆ ಬಂದದ್ದು 1862ರಲ್ಲಿ. ದಂಡು ಪ್ರದೇಶಕ್ಕೂ ಪ್ರತ್ಯೇಕ ಪುರಸಭೆಯಿತ್ತು. 1881ರಲ್ಲಿ ಮೈಸೂರು ಒಡೆಯರಿಗೆ ರಾಜ್ಯ ಮರಳಿದ ಮೇಲೂ ದಂಡು ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿಯಿತು. ಒಂದೇ ಊರು, ಎರಡು ಸರ್ಕಾರ. ಪೇಟೆಯ ಪುರಸಭೆಗೆ ಇದ್ದವರು ಅಧ್ಯಕ್ಷರು, ಮೇಯರ್ ಅಲ್ಲ. ಅವರಲ್ಲೊಬ್ಬರಾದ ಸರ್ ಪುಟ್ಟಣ್ಣ ಚೆಟ್ಟಿಯವರ ಹೆಸರನ್ನು ಪುರಭವನ ಇಂದಿಗೂ ಹೊತ್ತಿದೆ. 1947ರಲ್ಲಿ ದಂಡು ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿತು. 1949ರ ಬೆಂಗಳೂರು ನಗರ ಕಾರ್ಪೊರೇಷನ್ ಕಾಯ್ದೆ ಎರಡೂ ಪುರಸಭೆಗಳನ್ನು ಬೆಸೆಯಿತು. ಮೇಯರ್ ಎಂಬ ಪದವಿ ಊರಿಗೆ ಬಂದದ್ದು ಆಗ. ಸರ್ಕಾರಿ ಕಡತಗಳು ‘ಮಹಾಪೌರ’ ಎಂದು ಬರೆದುಕೊಂಡರೂ ಜನರ ಬಾಯಲ್ಲಿ ಉಳಿದದ್ದು ಮೇಯರೇ.

ಇದೇ ಕಾಲಕ್ಕೆ ದಕ್ಷಿಣದಲ್ಲಿ ಜಯನಗರ ಹುಟ್ಟುತ್ತಿತ್ತು. 1948ರಲ್ಲಿ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಬಡಾವಣೆಗೆ ಚಾಲನೆ ಕೊಟ್ಟದ್ದರ ಗುರುತು ಅಶೋಕ ಸ್ತಂಭ. ಜಯಚಾಮರಾಜೇಂದ್ರ ಒಡೆಯರ ಹೆಸರು ಹೊತ್ತ ಈ ಬಡಾವಣೆಯನ್ನು ರೂಪಿಸಿದ್ದು ಪುರಸಭೆಯಲ್ಲ, 1945ರಲ್ಲಿ ಸರ್ಕಾರ ಸ್ಥಾಪಿಸಿದ್ದ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ. 1976ರಲ್ಲಿ ಅದರ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು. ನಿವೇಶನ ಹಂಚುವುದು ಪ್ರಾಧಿಕಾರ. ಆಮೇಲೆ ಕಸ, ಚರಂಡಿ, ಬೀದಿ ದೀಪ ನೋಡಿಕೊಳ್ಳಬೇಕಾದದ್ದು ಪಾಲಿಕೆ. ಕುಡಿಯುವ ನೀರು ಮತ್ತು ಒಳಚರಂಡಿ 1964ರಲ್ಲೇ ಜಲಮಂಡಳಿಯ ಪಾಲಾಗಿತ್ತು. ಬಸ್ಸು, ಪೊಲೀಸು, ವಿದ್ಯುತ್ತು ಮೊದಲೇ ಸರ್ಕಾರದ್ದು. ನಲ್ಲಿಯಲ್ಲಿ ನೀರು ಬರದಿದ್ದರೆ ಬನಶಂಕರಿಯ ಗೃಹಿಣಿ ಕಾರ್ಪೊರೇಟರನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ. ಆತನ ಮೇಯರಿಗೂ ಆ ನಲ್ಲಿಯ ಮೇಲೆ ಹಿಡಿತವಿಲ್ಲ ಎಂಬುದು ಆಕೆಗೆ ಗೊತ್ತಿರಬೇಕಾಗಿಯೂ ಇಲ್ಲ.

ಉಳಿದ ಅಧಿಕಾರವಾದರೂ ಮೇಯರ್ ಕೈಯಲ್ಲಿತ್ತೇ? 1976ರ ಕರ್ನಾಟಕ ಪೌರನಿಗಮಗಳ ಕಾಯ್ದೆ ಆಡಳಿತದ ಹೊಣೆಯನ್ನು ಆಯುಕ್ತರಿಗೆ ವಹಿಸಿತು. ಆಯುಕ್ತರನ್ನು ನೇಮಿಸುವುದೂ ವರ್ಗಾಯಿಸುವುದೂ ರಾಜ್ಯ ಸರ್ಕಾರ. ಮೇಯರಿಗೆ ಉಳಿದದ್ದು ಸಭೆಯ ಅಧ್ಯಕ್ಷತೆ, ಸಮಾರಂಭದ ನಿಲುವಂಗಿ, ಒಂದೇ ವರ್ಷದ ಅವಧಿ. ಸೆಪ್ಟೆಂಬರಿನಲ್ಲಿ ಕುರ್ಚಿ ಏರಿದವರು ಮಾರ್ಚಿನ ಬಜೆಟ್ಟಿಗೆ ಕಾಯಬೇಕು. ಬಜೆಟ್ಟಿನ ಕಾಮಗಾರಿಗೆ ಟೆಂಡರ್ ಆಗಿ ಜಲ್ಲಿ ಬೀಳುವ ಹೊತ್ತಿಗೆ ಮುಂದಿನ ಮೇಯರ್ ಬಾಗಿಲಲ್ಲಿ ನಿಂತಿರುತ್ತಾರೆ. ಮೇಯರ್ ಸ್ಥಾನ ಯಾವ ವರ್ಗಕ್ಕೆ ಮೀಸಲು ಎಂಬುದನ್ನೂ ಸರ್ಕಾರವೇ ಪ್ರಕಟಿಸುತ್ತಿತ್ತು.

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್‌ನಲ್ಲಿ ಜಾರಿಗೆ ಬಂದಾಗ ಒಂದು ಭರವಸೆ ಮೂಡಿತ್ತು. ಪಾಲಿಕೆಯ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕು, ವಿಸರ್ಜಿಸಿದರೆ ಆರು ತಿಂಗಳೊಳಗೆ ನಡೆಸಬೇಕು ಎಂದು ಅದು ಹೇಳುತ್ತದೆ. ಬೆಂಗಳೂರಿನ ಅನುಭವ ಬೇರೆ. 2006ರ ನವೆಂಬರ್‌ನಲ್ಲಿ ಮಹಾನಗರ ಪಾಲಿಕೆಯ ಅವಧಿ ಮುಗಿದು ಮೇಯರ್ ಮುಮ್ತಾಜ್ ಬೇಗಂ ಕುರ್ಚಿ ಬಿಟ್ಟರು. 2007ರಲ್ಲಿ ಬೊಮ್ಮನಹಳ್ಳಿಯೂ ಸೇರಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಕೂಡಿಸಿ ‘ಬೃಹತ್’ ಪಾಲಿಕೆ ರಚನೆಯಾಯಿತು. ಮುಂದಿನ ಮೇಯರನ್ನು ನಗರ ಕಂಡದ್ದು 2010ರ ಏಪ್ರಿಲ್‌ನಲ್ಲಿ. ನಡುವಿನ ಮೂರೂವರೆ ವರ್ಷದಲ್ಲಿ ರಾಜ್ಯ ಸಮ್ಮಿಶ್ರ ಸರ್ಕಾರ, ರಾಷ್ಟ್ರಪತಿ ಆಳ್ವಿಕೆ, ಬಿಜೆಪಿ ಸರ್ಕಾರ ಮೂರನ್ನೂ ಕಂಡಿತು. ನಗರ ಮಾತ್ರ ಆಡಳಿತಾಧಿಕಾರಿಯನ್ನೇ ಕಂಡಿತು.

2010ರ ಚುನಾವಣೆಯಲ್ಲಿ ಬಿಜೆಪಿ 111 ಸ್ಥಾನ ಗೆದ್ದು ಜೆ.ಪಿ. ನಗರ ಭಾಗದ ಎಸ್.ಕೆ. ನಟರಾಜ್ ಬೃಹತ್ ಪಾಲಿಕೆಯ ಮೊದಲ ಮೇಯರ್ ಆದರು. 2013ರಲ್ಲಿ ವಿಧಾನಸೌಧ ಕಾಂಗ್ರೆಸ್ ಪಾಲಾಯಿತು. ಆದರೂ ಪಾಲಿಕೆಯಲ್ಲಿ ಬಿ.ಎಸ್. ಸತ್ಯನಾರಾಯಣ, ಎನ್. ಶಾಂತಕುಮಾರಿ ಎಂಬ ಇಬ್ಬರು ಬಿಜೆಪಿ ಮೇಯರುಗಳು ಸರತಿಯಂತೆ ಬಂದರು. ಬಹುಮತ ಗಟ್ಟಿಯಾಗಿದ್ದರೆ ನೆರಳು ಅಷ್ಟಾಗಿ ತಾಕದು ಎನ್ನಲು ಇದೊಂದು ನಿದರ್ಶನ. ಅವಧಿ ಮುಗಿಯಲು ದಿನಗಳಷ್ಟೇ ಉಳಿದಿದ್ದಾಗ, 2015ರ ಏಪ್ರಿಲ್‌ನಲ್ಲಿ, ಸರ್ಕಾರ ಪಾಲಿಕೆಯನ್ನು ವಿಸರ್ಜಿಸಿತೆಂಬುದು ಬೇರೆ ಮಾತು.

ಆ ಮುಂದಿನ ಪಾಲಿಕೆಯ ಐದು ವರ್ಷಗಳನ್ನಂತೂ ವಿಧಾನಸೌಧದ ಪಂಚಾಂಗ ಹಿಡಿದೇ ಓದಬೇಕು. ಕಾಂಗ್ರೆಸ್ ಸರ್ಕಾರದಲ್ಲಿ ಮಂಜುನಾಥ ರೆಡ್ಡಿ, ಜಿ. ಪದ್ಮಾವತಿ, ಆರ್. ಸಂಪತ್ ರಾಜ್. 2018ರ ಸೆಪ್ಟೆಂಬರ್‌ನಲ್ಲಿ, ಕುಮಾರಸ್ವಾಮಿಯವರ ಸಮ್ಮಿಶ್ರ ಸರ್ಕಾರವಿದ್ದಾಗ, ಜಯನಗರ ವಾರ್ಡಿನ ಗಂಗಾಂಬಿಕೆ ಮಲ್ಲಿಕಾರ್ಜುನ್. ಅವರ ಜೊತೆ ಉಪಮೇಯರ್ ಆಗಿ ಆಯ್ಕೆಯಾದ ಜನತಾದಳದ ರಮೀಳಾ ಉಮಾಶಂಕರ್ ಒಂದೇ ವಾರದಲ್ಲಿ ತೀರಿಕೊಂಡರು. 2019ರ ಜುಲೈನಲ್ಲಿ ಸಮ್ಮಿಶ್ರ ಸರ್ಕಾರ ಉರುಳಿತು, ಯಡಿಯೂರಪ್ಪ ಮುಖ್ಯಮಂತ್ರಿಯಾದರು. ವಾರ್ಡುಗಳಿಗೆ ಮರುಚುನಾವಣೆಯೇನೂ ನಡೆಯಲಿಲ್ಲ, ಅದೇ ಪಾಲಿಕೆ ಮುಂದುವರಿಯಿತು. ಅಕ್ಟೋಬರ್ 1ರಂದು ಬಿಜೆಪಿಯ ಎಂ. ಗೌತಮ್ ಕುಮಾರ್ 129 ಮತ ಪಡೆದು ಮೇಯರ್ ಆದರು. ಬಿಟಿಎಂ ಬಡಾವಣೆಯಲ್ಲಾಗಲಿ ಜಯನಗರದಲ್ಲಾಗಲಿ ಒಬ್ಬ ಮತದಾರನೂ ಮತಗಟ್ಟೆಗೆ ಹೋಗದೆ ನಗರದ ಆಡಳಿತ ಪಕ್ಷ ಬದಲಾಗಿತ್ತು.

ಗೌತಮ್ ಕುಮಾರ್ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಬೃಹತ್ ಪಾಲಿಕೆಗೆ ಅವರೇ ಕಡೆಯ ಮೇಯರ್. ಆರು ವಾರದಲ್ಲಿ ಚುನಾವಣೆ ಪ್ರಕ್ರಿಯೆ ಆರಂಭಿಸಿ ಎಂದು ಹೈಕೋರ್ಟ್ ಡಿಸೆಂಬರ್‌ನಲ್ಲಿ ಆದೇಶಿಸಿದರೆ, ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಅಷ್ಟರಲ್ಲಿ ಬಿಜೆಪಿ ಸರ್ಕಾರ ಹೊಸ ಕಾಯ್ದೆ ತಂದು ವಾರ್ಡುಗಳನ್ನು 243ಕ್ಕೆ ಏರಿಸಿತು, ಮೇಯರ್ ಅವಧಿಯನ್ನು 30 ತಿಂಗಳು ಮಾಡಿತು. ಆ ಮೇಯರ್ ಬರಲೇ ಇಲ್ಲ. 2023ರಲ್ಲಿ ಬಂದ ಕಾಂಗ್ರೆಸ್ ಸರ್ಕಾರ ವಾರ್ಡುಗಳನ್ನು 225 ಎಂದು ತಿದ್ದಿತು. ಗಡಿ ಗೀಟು ಎಳೆದದ್ದಾಯಿತು, ಅಳಿಸಿದ್ದಾಯಿತು. ಮಳೆಗಾಲದಲ್ಲಿ ರಾಜಕಾಲುವೆ ಉಕ್ಕಿದರೆ ಜನ ಓಡಬೇಕಾದದ್ದು ಶಾಸಕರ ಮನೆಗೆ ಅಥವಾ ಎಂಜಿನಿಯರರ ಕಚೇರಿಗೆ. ಪಾಲಿಕೆಯ ಬಾಗಿಲು ಮುಚ್ಚಿದ್ದರಿಂದ ಕಾರ್ಪೊರೇಟರಾಗಿದ್ದವರು ಕೆಲವರು ವಿಧಾನಸಭೆಯತ್ತ ನೋಡಿದರು. ಅವರಲ್ಲಿ ಸಿ.ಕೆ. ರಾಮಮೂರ್ತಿಯವರು 2023ರಲ್ಲಿ ಜಯನಗರ ಕ್ಷೇತ್ರವನ್ನು ಗೆದ್ದದ್ದು ಬರೀ 16 ಮತಗಳಿಂದ.

2025ರ ಸೆಪ್ಟೆಂಬರ್ 2ರಂದು ಬೃಹತ್ ಪಾಲಿಕೆಯೇ ಇಲ್ಲವಾಗಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ಜಾರಿಗೆ ಬಂದವು. ಜಯನಗರ ಮತ್ತು ಬಿಟಿಎಂ ಬಡಾವಣೆ ಬೆಂಗಳೂರು ದಕ್ಷಿಣ ನಗರ ಪಾಲಿಕೆಗೆ ಸೇರಿದವು. ಅದೇ ವರ್ಷ ರಾಮನಗರ ಜಿಲ್ಲೆಗೂ ಬೆಂಗಳೂರು ದಕ್ಷಿಣ ಎಂದೇ ನಾಮಕರಣವಾಯಿತು. ಲೋಕಸಭಾ ಕ್ಷೇತ್ರ, ವಿಧಾನಸಭಾ ಕ್ಷೇತ್ರ ಆ ಹೆಸರಿನಲ್ಲಿ ಮೊದಲೇ ಇದ್ದವು. ಅಂಚೆಯವನ ಪಾಡು ದೇವರಿಗೇ ಪ್ರೀತಿ. ಐದೂ ಪಾಲಿಕೆಗಳು ಶುರುವಾದದ್ದು ಮೇಯರ್ ಇಲ್ಲದೆ, ಆಡಳಿತಾಧಿಕಾರಿಯ ಕೈಯಲ್ಲಿ. ಹೊಸ ಕಾಯ್ದೆ ಐವರು ಮೇಯರುಗಳಿಗೂ ತಲಾ ಎರಡೂವರೆ ವರ್ಷದ ಅವಧಿ ಕೊಟ್ಟಿದೆ. ಐದನ್ನೂ ಬೆಸೆಯಲು ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ. ಅದರಲ್ಲಿ ಮೇಯರುಗಳು ಸದಸ್ಯರು, ಅಧ್ಯಕ್ಷರು ಮುಖ್ಯಮಂತ್ರಿ.